ಚರ್ಚಿನ ಹಳೇ ರಿಜಿಸ್ಟರ್‌ನಲ್ಲಿ ಮನೆತನದ ಬೇರು ಹುಡುಕುವುದು: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಜ್ಜಿ ತೀರಿಕೊಂಡ ಮೇಲೆ ಅವರ ತಗಡಿನ ಟ್ರಂಕ್ ತೆಗೆದೆವು. ಸೀರೆಗಳ ಕೆಳಗೆ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ ಸಿಕ್ಕಿತು. ಜ್ಞಾನಸ್ನಾನದ (ತಲೆಗೆ ನೀರು ಹಾಕಿ ಚರ್ಚಿಗೆ ಸೇರಿಸಿಕೊಳ್ಳುವ ಬ್ಯಾಪ್ಟಿಸಂ) ಸರ್ಟಿಫಿಕೇಟ್. ತಾರೀಕು ಇತ್ತು, ಹೆಸರು ಇತ್ತು, ಆದರೆ ಮಡಿಕೆ ಬಿದ್ದ ಜಾಗದಲ್ಲೇ ಹರಿದು ಚರ್ಚಿನ ಹೆಸರು ಹೋಗಿತ್ತು. ಅಲ್ಲಿಂದ ಶುರುವಾದ ಹುಡುಕಾಟ ಆರು ವರ್ಷ ನಡೆಯಿತು. ಆಮೇಲೆ ನೆಂಟರು, ಪರಿಚಯದವರು, ಅವರ ಪರಿಚಯದವರು ಎಲ್ಲ ಕೇಳತೊಡಗಿದರು. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ ಇರುತ್ತವೆ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಹೆಚ್ಚಿನದು ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕ್ಯಾಥೊಲಿಕ್ ಮನೆಗಳಿಗೆ ಹೊಂದುವ ಮಾತು. ಉಳಿದವರಿಗೂ ಕೊನೆಯ ಕಡೆ ಸ್ವಲ್ಪ ಇದೆ.

ಎಲ್ಲಿಂದ ಶುರು ಮಾಡಲಿ? ನೇರವಾಗಿ ಚರ್ಚಿಗೆ ಹೋಗಲಾ?

ಬೇಡ. ಮೊದಲು ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರಿದ್ದಾರೋ ಅವರ ಹತ್ತಿರ ಹೋಗಿ. ಇವತ್ತೇ ಹೋಗಿ. ರಿಜಿಸ್ಟರ್ ಇನ್ನೂ ಹತ್ತು ವರ್ಷ ಕಪಾಟಿನಲ್ಲಿ ಇರುತ್ತದೆ, ತೊಂಬತ್ತು ದಾಟಿದ ಚಿಕ್ಕಜ್ಜಿ ಇರುತ್ತಾರೆ ಅಂತ ಹೇಳೋಕಾಗಲ್ಲ.

"ನೀವು ಹುಟ್ಟಿದ್ದು ಯಾವ ವರ್ಷ" ಅಂತ ಶುರು ಮಾಡಬೇಡಿ. ಇಸವಿ ಅವರಿಗೆ ನೆನಪಿರುವುದಿಲ್ಲ, ಗೊತ್ತಿಲ್ಲವಲ್ಲ ಅಂತ ಮುಜುಗರಪಟ್ಟು ಸುಮ್ಮನಾಗಿಬಿಡುತ್ತಾರೆ. ಬದಲಿಗೆ ಊರು ಕೇಳಿ. ನಿಮ್ಮ ಅಮ್ಮನ ತವರು ಯಾವುದು? ಸಣ್ಣವರಿದ್ದಾಗ ಯಾವ ಹಬ್ಬಕ್ಕೆ ಕರೆದುಕೊಂಡು ಹೋಗುತ್ತಿದ್ದರು? ಯಾರನ್ನು ಎಲ್ಲಿ ಮಣ್ಣು ಮಾಡಿದರು? ಜ್ಞಾನತಂದೆ, ಜ್ಞಾನತಾಯಿ (ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊತ್ತು ನಿಲ್ಲುವವರು) ಯಾರು? ಮುಖ್ಯವಾಗಿ, ಮನೆಯವರು ಯಾವ ಘಾಟಿ ಹತ್ತಿ ಬಂದರು? ಅಡಿಕೆ ಸುಲಿಯುತ್ತಲೋ ಹಲಸಿನ ಬೀಜ ಬಿಡಿಸುತ್ತಲೋ ಪಕ್ಕದಲ್ಲಿ ಕೂತು ಕೇಳಿದರೆ ಮಾತು ತಾನಾಗಿ ಬರುತ್ತದೆ. ಅವರನ್ನು ಕೇಳಿಯೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಘಾಟಿ ಯಾಕೆ ಅಷ್ಟು ಮುಖ್ಯ?

ಮಲೆನಾಡಿನ ಕೊಂಕಣಿ ಕ್ಯಾಥೊಲಿಕ್ ಮನೆಗಳಲ್ಲಿ ಹೆಚ್ಚಿನವು ಕರಾವಳಿಯಿಂದ ಮೇಲೆ ಬಂದವು. ಕಾಫಿ ತೋಟದ ಕೆಲಸ, ಮರದ ಕೆಲಸ, ರಸ್ತೆ ಕೆಲಸ, ಅಡಿಕೆ ತೋಟ ಹೀಗೆ ಒಬ್ಬೊಬ್ಬರು ಒಂದೊಂದು ಕಾರಣಕ್ಕೆ ಬಂದರು. ಆದರೆ ಮನಸ್ಸಿಗೆ ಬಂದ ದಾರಿಯಲ್ಲಿ ಯಾರೂ ಹತ್ತಲಿಲ್ಲ, ತಮ್ಮ ಊರಿಗೆ ಹತ್ತಿರದ ಘಾಟಿಯನ್ನೇ ಹತ್ತಿದರು. ಆಗುಂಬೆ ಹತ್ತಿ ತೀರ್ಥಹಳ್ಳಿಗೆ ಬಂದವರ ಬೇರು ಕಾರ್ಕಳ, ಉಡುಪಿ ಕಡೆ ಇರುವುದು ಜಾಸ್ತಿ. ಹುಲಿಕಲ್ ಹತ್ತಿ ಹೊಸನಗರಕ್ಕೆ ಬಂದವರದ್ದು ಕುಂದಾಪುರ ಕಡೆ. ಗೇರುಸೊಪ್ಪೆ ಘಾಟಿಯಿಂದ ಸಾಗರಕ್ಕೆ ಬಂದವರದ್ದು ಹೊನ್ನಾವರ ಕಡೆ. ಚಾರ್ಮಾಡಿ ಹತ್ತಿ ಮೂಡಿಗೆರೆಗೆ ಬಂದವರು ಬೆಳ್ತಂಗಡಿ ಕಡೆ ಮೊದಲು ನೋಡಬೇಕು.

ಆರು ವರ್ಷ ಅಲೆದು ನಾನು ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳಬೇಕು ಅಂದರೆ ಇದು: ಹೆಸರಿನ ಬೆನ್ನು ಹತ್ತಬೇಡಿ, ಊರಿನ ಬೆನ್ನು ಹತ್ತಿ. ಹೆಸರು ಬರೆಯುವವರ ಕೈಯಲ್ಲಿ ಬದಲಾಗುತ್ತದೆ. ಒಂದೇ ಹೆಸರಿನವರು ಒಂದೇ ಪುಟದಲ್ಲಿ ನಾಲ್ಕು ಜನ ಇರುತ್ತಾರೆ. ರಿಜಿಸ್ಟರ್ ಅನ್ನುವುದೇ ಊರಿನ ಲೆಕ್ಕದಲ್ಲಿ ಬರೆದ ಪುಸ್ತಕ.

ಹಬ್ಬವೂ ಅಷ್ಟೇ ಒಳ್ಳೆಯ ಸುಳಿವು. ಘಟ್ಟದ ಮೇಲಿನಿಂದ ಪ್ರತಿ ವರ್ಷ ಜನವರಿಯಲ್ಲಿ ಅತ್ತೂರಿನ ಸಂತ ಲಾರೆನ್ಸರ ಹಬ್ಬಕ್ಕೆ ತಪ್ಪದೆ ಇಳಿಯುತ್ತಿದ್ದ ಮನೆಯವರಾದರೆ ಕಾರ್ಕಳ ಸುತ್ತಿನ ಚರ್ಚುಗಳನ್ನು ಮೊದಲು ನೋಡಿ.

ಚರ್ಚಿನಲ್ಲಿ ಏನೇನು ಪುಸ್ತಕ ಇರುತ್ತದೆ?

ಮುಖ್ಯವಾಗಿ ಮೂರು: ಜ್ಞಾನಸ್ನಾನ, ಮದುವೆ, ಮರಣ. ದೃಢೀಕರಣದ (ಜ್ಞಾನಸ್ನಾನದ ನಂತರದ ಕನ್ಫರ್ಮೇಶನ್ ಸಂಸ್ಕಾರ) ಪುಸ್ತಕ ಬೇರೆ ಇರಬಹುದು. ಇನ್ನೊಂದು ಇದೆ, ಅದನ್ನು ಕೇಳುವವರೇ ಕಡಿಮೆ. ಲ್ಯಾಟಿನ್‌ನಲ್ಲಿ ಸ್ತಾತುಸ್ ಅನಿಮಾರುಮ್ ಅನ್ನುತ್ತಾರೆ. ಒಂದೊಂದು ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಬರೆದಿಟ್ಟ ಕುಟುಂಬದ ಪುಸ್ತಕ ಅದು. ಸಿಕ್ಕರೆ ನಿಮ್ಮ ಪುಣ್ಯ, ಒಂದೇ ಪುಟದಲ್ಲಿ ಅಜ್ಜ, ಅಜ್ಜಿ, ಮಕ್ಕಳು, ಜೊತೆಗಿದ್ದ ವಿಧವೆ ಅತ್ತೆ ಎಲ್ಲರೂ ಸಿಗುತ್ತಾರೆ.

ಎಷ್ಟು ಹಿಂದಿನವರೆಗೆ ಹೋಗಬಹುದು?

ಜ್ಞಾನಸ್ನಾನ ಮತ್ತು ಮದುವೆಯನ್ನು ಬರೆದಿಡಲೇಬೇಕು ಅಂತ 1563ರಲ್ಲಿ ಕ್ಯಾಥೊಲಿಕ್ ಬಿಷಪ್‌ಗಳ ಟ್ರೆಂಟ್ ಮಹಾಸಭೆ ನಿಯಮ ಮಾಡಿತು. ಆದರೆ ನಮ್ಮ ಕಡೆ ಅಷ್ಟು ಹಿಂದಕ್ಕೆ ಹೋಗುವ ಆಸೆ ಇಟ್ಟುಕೊಳ್ಳಬೇಡಿ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸಾವಿರಾರು ಸಂಖ್ಯೆಯಲ್ಲಿ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಚರ್ಚುಗಳನ್ನು ಕೆಡವಲಾಯಿತು. ಉಳಿದವರು ವಾಪಸ್ ಬಂದದ್ದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ. ಚರ್ಚಿನ ಜೊತೆ ಪುಸ್ತಕಗಳೂ ಹೋದವು. ಹಾಗಾಗಿ ಕರಾವಳಿಯ ಚರ್ಚುಗಳಲ್ಲಿ 1800ರಿಂದ ಈಚೆಗೆ ಸಿಕ್ಕರೆ ಅದೇ ದೊಡ್ಡದು. ಘಟ್ಟದ ಮೇಲೆ ಇನ್ನೂ ಈಚೆಗೆ. ನಾಲ್ಕೈದು ತಲೆಮಾರು ಅಂತ ಲೆಕ್ಕ ಇಟ್ಟುಕೊಂಡು ಹೊರಡಿ.

ನಮ್ಮೂರಿನ ಚರ್ಚ್ ಕಟ್ಟಿದ್ದೇ ಮೊನ್ನೆ ಮೊನ್ನೆ. ಅದಕ್ಕೂ ಹಿಂದಿನದು ಎಲ್ಲಿದೆ?

ತಾಯಿ ಚರ್ಚಿನಲ್ಲಿ. ಈಗ ಸ್ವಂತ ಧರ್ಮಕೇಂದ್ರ (ತನ್ನದೇ ಫಾದರ್ ಇರುವ ಚರ್ಚ್) ಆಗಿರುವ ಎಷ್ಟೋ ಊರುಗಳು ಮೊದಲು ಇನ್ನೊಂದು ದೊಡ್ಡ ಚರ್ಚಿನ ಕೆಳಗೆ ಇದ್ದವು. ಫಾದರ್ ತಿಂಗಳಿಗೊಮ್ಮೆ ಬಂದು ಪೂಜೆ ಕೊಟ್ಟು, ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿ, ವಾಪಸ್ ಹೋಗಿ ತಮ್ಮ ಚರ್ಚಿನ ಪುಸ್ತಕದಲ್ಲಿ ಬರೆಯುತ್ತಿದ್ದರು. ಅದಕ್ಕೆ "ಈ ಚರ್ಚ್ ಯಾವಾಗ ಬೇರೆಯಾಯಿತು, ಯಾವುದರಿಂದ ಬೇರೆಯಾಯಿತು" ಅನ್ನುವುದು ನೀವು ಕೇಳಬೇಕಾದ ಮೊದಲ ಪ್ರಶ್ನೆ.

ಧರ್ಮಪ್ರಾಂತ್ಯದ (ಒಬ್ಬ ಬಿಷಪ್ ಕೈಕೆಳಗಿನ ಪ್ರದೇಶ) ಲೆಕ್ಕವೂ ತಿಳಿದಿರಲಿ. ಶಿವಮೊಗ್ಗ ಧರ್ಮಪ್ರಾಂತ್ಯ ಆದದ್ದು 1988ರಲ್ಲಿ. ಅದಕ್ಕೆ ಮೊದಲು, 1963ರಿಂದ, ಇದು ಚಿಕ್ಕಮಗಳೂರಿಗೆ ಸೇರಿತ್ತು. ಅದಕ್ಕೂ ಮೊದಲು ಮೈಸೂರಿಗೆ. ಬೆಂಗಳೂರು ಮತ್ತು ಮೈಸೂರು ಬೇರೆ ಬೇರೆ ಆದದ್ದು 1940ರಲ್ಲಿ, ಅಲ್ಲಿಯವರೆಗೆ ಮೈಸೂರು ಧರ್ಮಪ್ರಾಂತ್ಯದ ಬಿಷಪ್ ಇರುತ್ತಿದ್ದದ್ದು ಬೆಂಗಳೂರಿನಲ್ಲಿ. ಇದೆಲ್ಲ ಯಾಕೆ ಅಂದರೆ, 1918ರಿಂದ ಜಾರಿಗೆ ಬಂದ ಚರ್ಚಿನ ಕಾನೂನಿನ ಪ್ರಕಾರ ಪ್ರತಿ ವರ್ಷದ ಕೊನೆಗೆ ರಿಜಿಸ್ಟರಿನ ಒಂದು ಪ್ರತಿಯನ್ನು ಬಿಷಪ್ ಕಚೇರಿಗೆ ಕಳಿಸಬೇಕಿತ್ತು. ಚರ್ಚಿನಲ್ಲಿ ಗೆದ್ದಲು ತಿಂದ ಪುಟದ ಪ್ರತಿ ಅಲ್ಲಿ ಉಳಿದಿರುವ ಸಾಧ್ಯತೆ ಇದೆ. ಯಾವ ಇಸವಿಯದು ಅಂತ ನೋಡಿ ಆ ಕಾಲದ ಕಚೇರಿಯನ್ನು ಕೇಳಿ.

ಕರಾವಳಿಯಲ್ಲೂ ಹೀಗೇ. ಕುಂದಾಪುರ, ಕಾರ್ಕಳ ಕಡೆ 2012ರಿಂದ ಉಡುಪಿ ಧರ್ಮಪ್ರಾಂತ್ಯ, ಅದಕ್ಕೆ ಮೊದಲು ಮಂಗಳೂರು. ಹೊನ್ನಾವರ ಕಡೆಯದು ಈಗ ಕಾರವಾರ.

ಫಾದರ್ ಹತ್ತಿರ ಹೇಗೆ ಕೇಳುವುದು? ಪುಸ್ತಕ ಕೊಡುತ್ತಾರಾ?

ಕೊಡಲೇಬೇಕು ಅಂತ ಇಲ್ಲ. ಅದು ಸಾರ್ವಜನಿಕ ದಾಖಲೆ ಅಲ್ಲ, ಬದುಕಿರುವವರ ವಿಷಯವೂ ಅದರಲ್ಲಿ ಇರುತ್ತದೆ. ಮೊದಲು ಫೋನ್ ಮಾಡಿ ಅಥವಾ ಪತ್ರ ಬರೆಯಿರಿ. ಯಾರನ್ನು ಹುಡುಕುತ್ತಿದ್ದೀರಿ, ನಿಮಗೆ ಅವರು ಏನಾಗಬೇಕು, ಅಂದಾಜು ಇಸವಿ ಯಾವುದು, ಇಷ್ಟನ್ನು ಒಂದು ಹಾಳೆಯಲ್ಲಿ ಚೊಕ್ಕವಾಗಿ ಬರೆದು ಕೊಡಿ. ನಿಮ್ಮ ಈಗಿನ ಚರ್ಚಿನ ಫಾದರ್ ಹತ್ತಿರ ಒಂದು ಪರಿಚಯದ ಪತ್ರ ತಗೊಂಡು ಹೋದರೆ ಅರ್ಧ ಕೆಲಸ ಆದ ಹಾಗೆ.

ಕ್ರಿಸ್‌ಮಸ್ ಹತ್ತಿರ, ಪವಿತ್ರ ವಾರದಲ್ಲಿ, ಊರ ಹಬ್ಬದ ದಿನಗಳಲ್ಲಿ ಹೋಗಬೇಡಿ. ಭಾನುವಾರ ಪೂಜೆ ಮುಗಿದ ತಕ್ಷಣವೂ ಬೇಡ. ಮಳೆಗಾಲವೂ ಬೇಡ, ಕರೆಂಟ್ ಇರಲ್ಲ, ಹಾಳೆಗಳು ತೇವಕ್ಕೆ ಅಂಟಿಕೊಂಡಿರುತ್ತವೆ. ಜನವರಿ, ಫೆಬ್ರವರಿಯ ವಾರದ ದಿನ ಬೆಳಿಗ್ಗೆ ಒಳ್ಳೆಯದು. ಹೊರಡುವಾಗ ಚರ್ಚಿಗೆ ಕೈಲಾದದ್ದು ಕೊಡಿ.

ಒಂದು ಕಡೆ ನನ್ನನ್ನು ಮೂರು ಸಲ ವಾಪಸ್ ಕಳಿಸಿದರು. ಬೇಜಾರಾಗಿತ್ತು. ನಾಲ್ಕನೇ ಸಲ ಆ ಊರಿನ ಗುರ್ಕಾರರನ್ನೇ, ಅಂದರೆ ಚರ್ಚಿನ ಒಂದು ವಾಡೊ (ವಾರ್ಡ್) ನೋಡಿಕೊಳ್ಳುವ ಮುಖಂಡರನ್ನೇ, ಜೊತೆಗೆ ಕರೆದುಕೊಂಡು ಹೋದೆ. ವಾಡೊದ ಪ್ರತಿ ಮನೆ ಅವರಿಗೆ ಗೊತ್ತು, ಫಾದರಿಗೂ ಅವರ ಮೇಲೆ ನಂಬಿಕೆ. ಆವತ್ತು ಮಧ್ಯಾಹ್ನದವರೆಗೂ ಕೂತು ನೋಡಿದೆ.

ಪುಸ್ತಕ ಲ್ಯಾಟಿನ್‌ನಲ್ಲಿದೆ. ನನಗೆ ಒಂದಕ್ಷರ ಬರಲ್ಲ.

ಲ್ಯಾಟಿನ್ ಕಲಿಯಬೇಕಾಗಿಲ್ಲ, ಇಪ್ಪತ್ತು ಪದ ಸಾಕು. ಎಲ್ಲ ಎಂಟ್ರಿಗಳೂ ಒಂದೇ ಅಚ್ಚಿನಲ್ಲಿ ಇರುತ್ತವೆ. ನಾತುಸ್ ಅಥವಾ ನಾತಾ ಅಂದರೆ ಹುಟ್ಟಿದ, ಹುಟ್ಟಿದಳು. ಫಿಲಿಯುಸ್ ಮಗ, ಫಿಲಿಯಾ ಮಗಳು. ಪಾತ್ರಿನುಸ್ ಜ್ಞಾನತಂದೆ, ಮಾತ್ರಿನಾ ಜ್ಞಾನತಾಯಿ. ಉಕ್ಸೊರ್ ಹೆಂಡತಿ, ವಿದುವಾ ವಿಧವೆ. ಓಬಿಯಿತ್ ಅಂದರೆ ತೀರಿಕೊಂಡರು, ಸೆಪುಲ್ತುಸ್ ಅಂದರೆ ಮಣ್ಣು ಮಾಡಿದರು. ಉತ್ ಸುಪ್ರಾ ಅಂತ ಇದ್ದರೆ "ಮೇಲಿನಂತೆ" ಅಂತ ಅರ್ಥ, ಅಂದರೆ ಹಿಂದಿನ ಎಂಟ್ರಿಯನ್ನೂ ಬರೆದುಕೊಳ್ಳಬೇಕು. ಇದನ್ನು ಬಿಟ್ಟುಬಿಡುವವರು ಬಹಳ ಜನ. ಇನ್ ಪೆರಿಕುಲೊ ಮೊರ್ತಿಸ್ ಅಂದರೆ ಸಾಯುವ ಅಪಾಯದಲ್ಲಿ. ಮಗು ಉಳಿಯಲಿಕ್ಕಿಲ್ಲ ಅಂತ ಹೆದರಿ, ಫಾದರ್ ಬರುವಷ್ಟು ಹೊತ್ತಿಲ್ಲದೆ, ಸೂಲಗಿತ್ತಿಯೋ ಅಜ್ಜಿಯೋ ಮನೆಯಲ್ಲೇ ತಲೆಗೆ ನೀರು ಹಾಕಿದ ಜ್ಞಾನಸ್ನಾನ ಅದು. ಆಷಾಢದ ಮಳೆಯಲ್ಲಿ, ಹೊಳೆ ದಾಟಲಾಗದ ಊರಿನಲ್ಲಿ ಹುಟ್ಟಿದ ಮಗು ಅಂತ ಕಣ್ಣಿಗೆ ಕಟ್ಟುತ್ತದೆ.

ತಿಂಗಳ ವಿಷಯದಲ್ಲಿ ಒಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. ಹಳೆಯ ಫಾದರ್‌ಗಳು 7 ಅಂತ ಬರೆದು ಪಕ್ಕದಲ್ಲಿ "ಬ್ರಿಸ್" ಅಂತ ಬರೆದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. 8 ಬ್ರಿಸ್ ಅಕ್ಟೋಬರ್, 9 ಬ್ರಿಸ್ ನವೆಂಬರ್, ರೋಮನ್ ಹತ್ತು ಹಾಕಿದ್ದರೆ ಡಿಸೆಂಬರ್. ಲ್ಯಾಟಿನ್‌ನಲ್ಲಿ ಸೆಪ್ತೆಮ್ ಅಂದರೆ ಏಳು, ಅಷ್ಟೇ ವಿಷಯ.

ಕರಾವಳಿಯ ಹಳೆಯ ಪುಸ್ತಕಗಳಲ್ಲಿ ಪೋರ್ಚುಗೀಸ್ ಕೂಡ ಬರುತ್ತದೆ. ಫಿಲ್ಯು, ಫಿಲ್ಯಾ ಅಂದರೆ ಮಗ, ಮಗಳು. ಪಾದ್ರಿನ್ಯು, ಮಾದ್ರಿನ್ಯಾ ಅಂದರೆ ಜ್ಞಾನತಂದೆ, ಜ್ಞಾನತಾಯಿ. ಲ್ಯಾಟಿನ್ ಪದಗಳ ಅಣ್ಣತಮ್ಮಂದಿರೇ, ನೋಡಿದರೆ ಗುರುತು ಸಿಗುತ್ತದೆ.

ಅಜ್ಜನ ಹೆಸರು ಪುಸ್ತಕದಲ್ಲಿ ಇಲ್ಲವೇ ಇಲ್ಲ!

ಇದೆ, ಬೇರೆ ಉಡುಪಿನಲ್ಲಿದೆ. ಮನೆಯಲ್ಲಿ ಕರೆಯುವ ಹೆಸರು ಒಂದು, ಪುಸ್ತಕದ ಹೆಸರು ಇನ್ನೊಂದು. ಕೊಂಕಣಿ ಮನೆಗಳಲ್ಲಿ ಜುವಾಂವ್ ಅನ್ನುವವರು ಲ್ಯಾಟಿನ್ ಪುಸ್ತಕದಲ್ಲಿ ಯೊವಾನ್ನೆಸ್, ಇಂಗ್ಲಿಷ್ ಪುಸ್ತಕದಲ್ಲಿ ಜಾನ್. ಪೆದ್ರು ಅಲ್ಲಿ ಪೆತ್ರುಸ್. ಬಸ್ತ್ಯಾಂವ್ ಸೆಬಾಸ್ತಿಯಾನುಸ್. ಇನಾಸ್ ಇಗ್ನಾತಿಯುಸ್. ಜುಜೆ ಜೋಸೆಫುಸ್. ಕೈತಾನ್ ಕಾಯೆತಾನುಸ್.

ಕನ್ನಡ, ತಮಿಳು ಮಾತಾಡುವ ಕ್ಯಾಥೊಲಿಕ್ ಮನೆಗಳಲ್ಲಿ ಇದು ಇನ್ನೂ ಚೆಂದ. ರಾಯಪ್ಪ ಅಂದರೆ ಪೀಟರ್. ಚಿನ್ನಪ್ಪ ಅಂದರೆ ಪೌಲ್. ಅರುಳಪ್ಪ ಅಂದರೆ ಜಾನ್. ಇನ್ನಾಸಪ್ಪ ಅಂದರೆ ಇಗ್ನೇಷಿಯಸ್. ಚೌರಪ್ಪ ಅಂದರೆ ಕ್ಸೇವಿಯರ್. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿದ ಮೇಲೆ ಎಲ್ಲೆಲ್ಲಿಂದಲೋ ಜನ ಬಂದರು, ಅವರಲ್ಲಿ ಇಂಥ ಹೆಸರಿನ ಮನೆಗಳೂ ಇದ್ದವು. ಇವರಿಗೆ ಸರ್‌ನೇಮ್ ಇರುವುದಿಲ್ಲ, ಅಪ್ಪನ ಹೆಸರೇ ಮಗನ ಇನಿಷಿಯಲ್. ಹಾಗಾಗಿ ಅಪ್ಪ ಅಮ್ಮ ಇಬ್ಬರ ಹೆಸರೂ ಹೊಂದಿದರೆ ಮಾತ್ರ ನಮ್ಮವರು ಅಂತ ಒಪ್ಪಿಕೊಳ್ಳಿ.

ಹೆಸರಿನಲ್ಲೇ ಹುಟ್ಟಿದ ದಿನದ ಸುಳಿವೂ ಇರುತ್ತದೆ. ಆ ದಿನದ ಸಂತರ ಹೆಸರು ಇಡುವ ರೂಢಿ ಇತ್ತಲ್ಲ. ಜೋಸೆಫ್ ಇದ್ದರೆ ಮಾರ್ಚ್ 19ರ ಆಸುಪಾಸು ನೋಡಿ, ಅಂತೋನಿ ಇದ್ದರೆ ಜೂನ್ 13, ಲಾರೆನ್ಸ್ ಇದ್ದರೆ ಆಗಸ್ಟ್ 10, ಕ್ಸೇವಿಯರ್ ಇದ್ದರೆ ಡಿಸೆಂಬರ್ 3. ನತಾಲ್, ನತಾಲಿಯಾ ಇದ್ದರೆ ಕ್ರಿಸ್‌ಮಸ್. ನಮ್ಮ ಅಜ್ಜಿ ನತಾಲಿಯಾ, ಸರ್ಟಿಫಿಕೇಟ್‌ನಲ್ಲಿದ್ದ ತಾರೀಕು ಡಿಸೆಂಬರ್ 27.

ಒಂದೇ ಸರ್‌ನೇಮ್ ಇದ್ದರೆ ಸಂಬಂಧಿಕರಾ?

ಅಲ್ಲ. ಡಿಸೋಜ, ಪಿಂಟೊ, ಲೋಬೊ, ರೊಡ್ರಿಗಸ್ ಎಲ್ಲ ಪೋರ್ಚುಗೀಸ್ ಹೆಸರುಗಳು. ಗೋವಾದಲ್ಲಿ ಮತಾಂತರ ಆದಾಗ ದೀಕ್ಷೆ ಕೊಟ್ಟ ಪಾದ್ರಿಯದ್ದೋ ಜ್ಞಾನತಂದೆಯದ್ದೋ ಸರ್‌ನೇಮ್ ಮನೆಗೆ ಬಂತು. ಒಂದೇ ಸರ್‌ನೇಮ್ ಬೇರೆ ಬೇರೆ ಜಾತಿಯ, ಬೇರೆ ಬೇರೆ ಊರಿನ ಮನೆಗಳಿಗೆ ಬಂದಿದೆ. ಕೆಲವು ಮನೆಗಳಲ್ಲಿ ಪ್ರಭು, ನಾಯ್ಕ ಅಂತ ಹಳೆಯ ಹೆಸರಿನ ನೆನಪು ಇನ್ನೂ ಇದೆ. ಅದನ್ನು ಹಿರಿಯರ ಬಾಯಿಂದ ಕೇಳಿದ ಕೂಡಲೇ ಬರೆದಿಡಿ, ಯಾವ ಪುಸ್ತಕದಲ್ಲೂ ಅದು ಸಿಗದೇ ಹೋಗಬಹುದು.

ಹೇಳಿದ ಊರಿನ ಚರ್ಚಿನಲ್ಲಿ ಎಂಟ್ರಿ ಇಲ್ಲ. ಈಗೇನು?

ನಮ್ಮ ಅಜ್ಜಿಯ ಕಥೆ ಇದೇ. "ನಾನು ಸಾಗರದವಳು" ಅಂತಲೇ ಹೇಳುತ್ತಿದ್ದರು. ಸಾಗರದಲ್ಲಿ ನೋಡಿದೆ, ಇಲ್ಲ. ಹೊಸನಗರ, ತೀರ್ಥಹಳ್ಳಿ ನೋಡಿದೆ, ಇಲ್ಲ. ಅಜ್ಜಿಯ ಇಬ್ಬರು ತಮ್ಮಂದಿರು, ಒಬ್ಬ ತಂಗಿ ಎಲ್ಲರೂ ಸಾಗರದ ಪುಸ್ತಕದಲ್ಲಿ ಇದ್ದಾರೆ. ಅಜ್ಜಿ ಮಾತ್ರ ಇಲ್ಲ. ಎರಡು ವರ್ಷ ಅಲ್ಲೇ ನಿಂತುಹೋದೆ.

ಕೊನೆಗೆ ಅಜ್ಜಿಯ ಚಿಕ್ಕಪ್ಪನ ಮಗಳು, ಹಾಸಿಗೆ ಹಿಡಿದಿದ್ದವರು, ಗೋಡೆ ಕಡೆ ತಿರುಗಿ ಮಲಗಿಕೊಂಡೇ ಒಂದು ಮಾತು ಹೇಳಿದರು: "ಮೊದಲನೇದು ಅಲ್ವಾ ಮಗಾ, ಹೆರಿಗೆಗೆ ಅಮ್ಮನ ಮನೆಗೆ ಹೋಗಿರ್ತಾರೆ." ಅಷ್ಟೇ. ಚೊಚ್ಚಲ ಹೆರಿಗೆ ತವರಿನಲ್ಲಿ. ನಮ್ಮಲ್ಲಿ ಎಲ್ಲ ಜಾತಿಯಲ್ಲೂ ಇರುವ ಪದ್ಧತಿ, ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ಅಜ್ಜಿಯ ಅಮ್ಮ ತುಂಬಿದ ಬಸುರಿಯಾಗಿ ಹುಲಿಕಲ್ ಘಾಟಿ ಇಳಿದು ತವರಿಗೆ ಹೋಗಿದ್ದರು. ಕುಂದಾಪುರ ಕಡೆಯ ಅವರ ತವರಿನ ಚರ್ಚಿನಲ್ಲಿ ಅಜ್ಜಿಯ ಎಂಟ್ರಿ ಸಿಕ್ಕಿತು, ಸರ್ಟಿಫಿಕೇಟಿನ ತಾರೀಕಿಗೆ ಸರಿಯಾಗಿ. ಹುಟ್ಟಿದ್ದು 25, ಜ್ಞಾನಸ್ನಾನ 27. ಜ್ಞಾನತಾಯಿಯ ಜಾಗದಲ್ಲಿ ಅಜ್ಜಿಯ ಅಜ್ಜಿಯ ಹೆಸರು. ಆವತ್ತಿನವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಆ ಹೆಸರು ಗೊತ್ತಿರಲಿಲ್ಲ.

ಹಾಗಾಗಿ ಮೊದಲ ಮಗುವಿಗೆ ತಾಯಿಯ ತವರಿನ ಚರ್ಚ್ ನೋಡಿ, ಉಳಿದ ಮಕ್ಕಳಿಗೆ ಅಪ್ಪನ ಊರಿನದು. ಮದುವೆಗೆ ಹುಡುಗಿ ಕಡೆಯ ಚರ್ಚ್ ಮತ್ತು ಹುಡುಗನ ಕಡೆಯದು ಎರಡನ್ನೂ ನೋಡಿ. ಅಣ್ಣತಮ್ಮ, ಅಕ್ಕತಂಗಿಯರ ಎಂಟ್ರಿ ಬಿಡಬೇಡಿ, ಅವರ ಜ್ಞಾನತಂದೆ ತಾಯಿ ಯಾವ ಊರಿನವರು ಅಂತ ಬರೆದಿದ್ದರೆ ಅದೇ ಮುಂದಿನ ದಾರಿ.

ಎಂಟ್ರಿಯ ಪಕ್ಕದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಏನೋ ಗೀಚಿದ್ದಾರೆ. ಅದು ಬೇಕಾ?

ಅದೇ ಬೇಕಾದದ್ದು! 1908ರಿಂದ ಒಂದು ನಿಯಮ ಬಂತು. ಯಾರದ್ದೇ ಮದುವೆ ಎಲ್ಲೇ ಆಗಲಿ, ಅವರಿಗೆ ಜ್ಞಾನಸ್ನಾನ ಆದ ಚರ್ಚಿಗೆ ತಿಳಿಸಬೇಕು, ಅಲ್ಲಿನ ಪುಸ್ತಕದಲ್ಲಿ ಅವರ ಹೆಸರಿನ ಪಕ್ಕ ಬರೆಯಬೇಕು. ಯಾರನ್ನು, ಎಲ್ಲಿ, ಯಾವ ತಾರೀಕು. 1918ರ ಕಾನೂನು ಬಂದ ಮೇಲೆ ಸನ್ಯಾಸ ತಗೊಂಡರೆ, ಗುರುದೀಕ್ಷೆ (ಫಾದರ್ ಆಗುವ ದೀಕ್ಷೆ) ಆದರೆ ಅದನ್ನೂ. ಅಂದರೆ ಒಬ್ಬರ ಇಡೀ ಬದುಕು ಆ ಎರಡಿಂಚು ಅಂಚಿನಲ್ಲಿ ಇರುತ್ತದೆ. ಅಜ್ಜಿಯ ಎಂಟ್ರಿಯ ಪಕ್ಕ ಬೇರೆ ಶಾಯಿಯಲ್ಲಿ, ಬೇರೆ ಕೈಬರಹದಲ್ಲಿ ಅಜ್ಜನ ಹೆಸರು, ಸಾಗರ ಚರ್ಚ್, ಮದುವೆಯ ತಾರೀಕು ಇತ್ತು. ಘಟ್ಟದ ಮೇಲಿಂದ ಒಂದು ಕಾಗದ ಅಂಚೆಯಲ್ಲಿ ಇಳಿದು ಬಂದು, ಯಾವುದೋ ಫಾದರ್ ಹಳೆಯ ಪುಸ್ತಕ ತೆಗೆದು, ಸರಿಯಾದ ಹೆಸರು ಹುಡುಕಿ ಬರೆದಿದ್ದಾರೆ. ಆ ಶ್ರದ್ಧೆಗೆ ನಾನು ಇವತ್ತಿಗೂ ಋಣಿ.

ಫೋಟೋ ತೆಗೆಯುವಾಗ ಅಂಚು ಕತ್ತರಿಸಿ ಹೋಗದ ಹಾಗೆ ನೋಡಿಕೊಳ್ಳಿ.

ಮದುವೆ ರಿಜಿಸ್ಟರ್‌ನಲ್ಲಿ ವಿಶೇಷ ಏನಿದೆ?

ಇಬ್ಬರ ಅಪ್ಪ ಅಮ್ಮ, ಊರು, ಸಾಕ್ಷಿಗಳು ಇರುತ್ತಾರೆ. ಜೊತೆಗೆ ದಿಸ್ಪೆನ್ಸಾತಿಯೊ ಅನ್ನುವ ಪದ ಕಂಡರೆ ನಿಂತು ಓದಿ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ಆಗಬೇಕಾದರೆ ಚರ್ಚಿನ ವಿಶೇಷ ಅಪ್ಪಣೆ ಬೇಕು, ಎಷ್ಟನೇ ಡಿಗ್ರಿ ಸಂಬಂಧ ಅಂತಲೂ ಬರೆಯುತ್ತಿದ್ದರು. ಹಳೆಯ ಲೆಕ್ಕದಲ್ಲಿ 2ನೇ ಡಿಗ್ರಿ ಅಂದರೆ ಇಬ್ಬರಿಗೂ ಅಜ್ಜ ಅಜ್ಜಿ ಒಬ್ಬರೇ. 3ನೇ ಡಿಗ್ರಿ ಅಂದರೆ ಮುತ್ತಜ್ಜ ಮುತ್ತಜ್ಜಿ ಒಬ್ಬರೇ. 1918ಕ್ಕೆ ಮೊದಲು 4ನೇ ಡಿಗ್ರಿಗೂ ಅಪ್ಪಣೆ ಬೇಕಿತ್ತು. ಯಾವ ಪುಸ್ತಕದಲ್ಲೂ ಸಿಗದ ಎರಡು ತಲೆಮಾರು ಹಿಂದಿನ ನಂಟು ಈ ಒಂದು ಪದದಿಂದ ಸಿಕ್ಕಿಬಿಡುತ್ತದೆ.

ಮರಣದ ಪುಸ್ತಕ, ಸಮಾಧಿ?

ಮರಣದ ಪುಸ್ತಕ ಓದುವುದು ಕಷ್ಟ, ಅಕ್ಷರದಿಂದ ಅಲ್ಲ. ಒಂದೇ ಮನೆಯ ಮೂರು ಮಕ್ಕಳು ಒಂದೇ ತಿಂಗಳಲ್ಲಿ ಹೋಗಿರುತ್ತಾರೆ. ಫೆಬ್ರಿಸ್ ಅಂದರೆ ಜ್ವರ. ಮಲೆನಾಡಿನಲ್ಲಿ ಮಲೇರಿಯಾ ಎಷ್ಟು ಜನರನ್ನು ತಿಂದಿತು ಅಂತ ಪುಟ ತಿರುಗಿಸುತ್ತಾ ಹೋದರೆ ಗೊತ್ತಾಗುತ್ತದೆ. ವಾರಿಯೋಲಾ ಅಂದರೆ ಸಿಡುಬು, ಪೆಸ್ತಿಸ್ ಅಂದರೆ ಪ್ಲೇಗ್. 1918ರ ಕೊನೆಯ ತಿಂಗಳುಗಳಲ್ಲಿ ಎಂಟ್ರಿಗಳು ಒಮ್ಮೆಲೇ ಜಾಸ್ತಿ ಆಗಿದ್ದರೆ ಅದು ಇನ್‌ಫ್ಲುಯೆಂಜಾ. ವಯಸ್ಸನ್ನು ಅಂದಾಜಿನಲ್ಲಿ ಬರೆದಿರುತ್ತಾರೆ, 60 ಅಂತ ಇದ್ದರೆ 52 ಇರಬಹುದು, 68 ಇರಬಹುದು.

ಸಮಾಧಿ ಕಲ್ಲಿನ ಪಾಚಿಯನ್ನು ತಂತಿ ಬ್ರಷ್‌ನಲ್ಲಿ ತಿಕ್ಕಬೇಡಿ, ಬ್ಲೀಚ್ ಹಾಕಬೇಡಿ. ಅಕ್ಷರವೇ ಹೋಗುತ್ತದೆ. ಬರೀ ನೀರು ಚಿಮುಕಿಸಿ, ಸಂಜೆ ಟಾರ್ಚನ್ನು ಕಲ್ಲಿನ ಒಂದು ಪಕ್ಕದಿಂದ ಅಡ್ಡಲಾಗಿ ಹಿಡಿಯಿರಿ. ನೆರಳು ಬಿದ್ದು ಅಕ್ಷರ ಎದ್ದು ಬರುತ್ತದೆ.

ನಮ್ಮ ಊರೇ ಮುಳುಗಿ ಹೋಯಿತು. ದಾಖಲೆ ಎಲ್ಲಿ ಹುಡುಕಲಿ?

ಶರಾವತಿ ಕಣಿವೆಯವರ ಪ್ರಶ್ನೆ ಇದು. ಹಿರೇಭಾಸ್ಕರ ಅಣೆಕಟ್ಟು ಮೊದಲು ಬಂತು, 1964ರಲ್ಲಿ ಲಿಂಗನಮಕ್ಕಿ ಬಂದು ಅದನ್ನೂ ಮುಳುಗಿಸಿತು. ಊರು ನೀರಿನಡಿ ಹೋದರೂ ಅದು ಯಾವ ಚರ್ಚಿಗೆ ಸೇರಿತ್ತೋ ಆ ಚರ್ಚಿನ ಪುಸ್ತಕದಲ್ಲಿ ಊರಿನ ಹೆಸರು ಹಾಗೇ ಇರುತ್ತದೆ. ಹಳೆಯ ಹೆಸರಿನಲ್ಲೇ ಕೇಳಿ. ಜೊತೆಗೆ ಮುಳುಗಡೆಯ ಪರಿಹಾರದ ಕಾಗದ, ಹೊಸ ಜಾಗದ ಹಕ್ಕುಪತ್ರ ಮನೆಯಲ್ಲಿದ್ದರೆ ತೆಗೆಯಿರಿ. ಅದರಲ್ಲಿ ಮನೆಯ ಯಜಮಾನರ ಹೆಸರು, ಅವರ ಅಪ್ಪನ ಹೆಸರು, ಸರ್ವೆ ನಂಬರ್ ಇರುತ್ತದೆ.

ಪುಸ್ತಕ ಮುಟ್ಟುವಾಗ ಏನು ಜಾಗ್ರತೆ?

ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಪೆನ್ ಬೇಡ, ಪೆನ್ಸಿಲ್ ತಗೊಳ್ಳಿ. ಎಂಜಲು ಹಚ್ಚಿ ಪುಟ ತಿರುಗಿಸಬೇಡಿ. ಅಂಟಿಕೊಂಡ ಹಾಳೆ ಬಿಡಿಸಲು ಹೋಗಬೇಡಿ. ಫ್ಲ್ಯಾಶ್ ಹಾಕದೆ, ಕೇಳಿ ಒಪ್ಪಿಗೆ ಪಡೆದ ಮೇಲೆ ಮಾತ್ರ ಫೋಟೋ, ಅದೂ ನಿಮ್ಮ ಮನೆಯ ಎಂಟ್ರಿಯದು ಮಾತ್ರ. ಪುಸ್ತಕದ ಹೆಸರು, ಸಂಪುಟ, ಪುಟ, ಕ್ರಮಸಂಖ್ಯೆ ಆಗಲೇ ಬರೆದುಕೊಳ್ಳಿ. ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಯಾವ ಫೋಟೋ ಎಲ್ಲಿಯದು ಅಂತ ತಿಳಿಯುವುದಿಲ್ಲ.

ಹುಡುಕುವಾಗ ಮನೆಯವರು ಮುಚ್ಚಿಟ್ಟ ವಿಷಯ ಸಿಕ್ಕರೆ?

ಸಿಗುತ್ತದೆ. ಅಪ್ಪನ ಹೆಸರಿನ ಜಾಗ ಖಾಲಿ ಇರುತ್ತದೆ. ಮದುವೆಗೂ ಮೊದಲ ಮಗುವಿಗೂ ನಾಲ್ಕೇ ತಿಂಗಳು ಇರುತ್ತದೆ. ದತ್ತು ಬಂದವರು ಅಂತ ಗೊತ್ತಾಗುತ್ತದೆ. ಅದು ಬದುಕಿರುವ ಯಾರಿಗಾದರೂ ತಟ್ಟುವ ವಿಷಯ ಆದರೆ ಮೊದಲು ಅವರ ಹತ್ತಿರ ಒಬ್ಬರೇ ಹೋಗಿ ಮಾತಾಡಿ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕುವ ವಿಷಯ ಅಲ್ಲ ಅದು. ನಾನು ಒಂದು ಎಂಟ್ರಿಯನ್ನು ನಮ್ಮ ಮನೆಯ ವಂಶವೃಕ್ಷದಲ್ಲಿ ಬರೆಯದೆ ಹಾಗೇ ಇಟ್ಟಿದ್ದೇನೆ. ಆ ತಾಯಿಯ ಮಗಳು ಇನ್ನೂ ಇದ್ದಾರೆ.

ಆನ್‌ಲೈನ್‌ನಲ್ಲಿ ಸಿಗಲ್ವಾ? ಡಿಎನ್ಎ ಟೆಸ್ಟ್ ಮಾಡಿಸಲಾ?

ಫ್ಯಾಮಿಲಿಸರ್ಚ್ ಅನ್ನುವ ವೆಬ್‌ಸೈಟ್ ಉಚಿತ, ನೋಡಿ. ನಮ್ಮ ಮನೆಯ ಒಂದು ಎಂಟ್ರಿಯೂ ನನಗೆ ಆನ್‌ಲೈನ್‌ನಲ್ಲಿ ಸಿಗಲಿಲ್ಲ, ಎಲ್ಲ ಸಿಕ್ಕಿದ್ದು ಕಪಾಟಿನ ಮುಂದೆ ನಿಂತಾಗಲೇ. ಡಿಎನ್ಎ ಟೆಸ್ಟ್ ನಿಮ್ಮ ಮುತ್ತಜ್ಜಿಯ ಹೆಸರನ್ನೋ ಊರನ್ನೋ ಹೇಳುವುದಿಲ್ಲ. ಆ ದುಡ್ಡಿನಲ್ಲಿ ನಾಲ್ಕು ಸಲ ಘಟ್ಟ ಇಳಿದು ಬರಬಹುದು.

ನಮ್ಮದು ಕೇರಳದಿಂದ ಬಂದ ಮನೆ. ಇಲ್ಲವೇ, ನಾವು ಸಿಎಸ್ಐನವರು (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟೆಂಟ್). ನಮಗೆ?

ಸಿರೋ ಮಲಬಾರ್ (ಕೇರಳದ ಸಿರಿಯನ್ ಪರಂಪರೆಯ ಕ್ಯಾಥೊಲಿಕ್) ಮನೆಗಳಿಗೆ ಭದ್ರಾವತಿಯಲ್ಲಿ ಬೇರೆಯೇ ಧರ್ಮಪ್ರಾಂತ್ಯ ಇದೆ, 2007ರಲ್ಲಿ ಆದದ್ದು. ಹಳೆಯ ಬೇರು ಮಾತ್ರ ಕೇರಳದ ಊರಿನ ಚರ್ಚಿನಲ್ಲೇ. ಮನೆಯ ಹೆಸರು ಅಲ್ಲಿ ಬಹಳ ಮುಖ್ಯ, ಅದನ್ನು ಇಟ್ಟುಕೊಂಡು ಹೋಗಿ. ಸಿಎಸ್ಐ ಆದದ್ದು 1947ರಲ್ಲಿ, ಹಲವು ಮಿಷನ್‌ಗಳು ಸೇರಿ. ನಿಮ್ಮ ಹಳೆಯ ಚರ್ಚ್ ಯಾವ ಮಿಷನ್‌ನದು ಅಂತ ಮೊದಲು ತಿಳಿಯಿರಿ. ಕರಾವಳಿಯಿಂದ ಬಂದವರಾದರೆ ಬಾಸೆಲ್ ಮಿಷನ್ ಇರಬಹುದು, ಅವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಹಳೆಯ ಕಾಗದಪತ್ರ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಲ್ಲಿ ಜೋಪಾನವಾಗಿದೆ.

ನಾವು ಹಿಂದೂಗಳು. ಚರ್ಚ್ ಪುಸ್ತಕದ ಹಾಗೆ ನಮಗೇನಾದರೂ ಇದೆಯಾ?

ಇದೆ, ಒಂದೇ ಕಡೆ ಇಲ್ಲ ಅಷ್ಟೇ. ನಿಮ್ಮ ಮನೆಗೆ ಹೆಳವರು ಬರುತ್ತಿದ್ದರಾ ಕೇಳಿ. ಎತ್ತಿನ ಮೇಲೆ ಬಂದು ಮನೆತನದ ಹೆಸರುಗಳನ್ನು ತಲೆಮಾರುಗಟ್ಟಲೆ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು ಹೋಗುತ್ತಿದ್ದವರು. ಅವರ ಮಕ್ಕಳು ಇವತ್ತಿಗೂ ಆ ಪುಸ್ತಕ ಇಟ್ಟುಕೊಂಡಿರಬಹುದು. ಕಾಶಿ, ಗಯೆಗೆ ಹಿರಿಯರು ಹೋಗಿದ್ದರೆ ಅಲ್ಲಿನ ಪಂಡಾಗಳ (ತೀರ್ಥಕ್ಷೇತ್ರದ ಪುರೋಹಿತರು) ಬಹಿಯಲ್ಲಿ, ಅಂದರೆ ಯಾತ್ರಿಕರ ಹೆಸರು ಬರೆದಿಡುವ ಪುಸ್ತಕದಲ್ಲಿ, ಊರು, ಹೆಸರು ಸಿಗಬಹುದು. ಮನೆಯಲ್ಲಿ ಹಳೆಯ ಜಾತಕ ಇದ್ದರೆ ತೆಗೆಯಿರಿ. ತಾಲ್ಲೂಕು ಕಚೇರಿಯ ಹಳೆಯ ಪಹಣಿ, ಮ್ಯುಟೇಷನ್ ಪುಸ್ತಕದಲ್ಲಿ ಜಮೀನು ಯಾರಿಂದ ಯಾರಿಗೆ ಹೋಯಿತು ಅಂತ ಇದೆ, ಅದೇ ಒಂದು ವಂಶವೃಕ್ಷ. ಮನೆಯ ಹಳೆಯ ಕಾಗದ ಓದಲಾಗದ ಸುತ್ತು ಸುತ್ತು ಅಕ್ಷರದಲ್ಲಿದ್ದರೆ ಅದು ಮೋಡಿ ಲಿಪಿ (ಹಿಂದೆ ಬೇಗ ಬೇಗ ಬರೆಯಲು ಬಳಸುತ್ತಿದ್ದ ಲಿಪಿ) ಇರಬಹುದು, ಎಸೆಯಬೇಡಿ. ಸಾಗರದ ಹತ್ತಿರ ಕೆಳದಿಯ ಮ್ಯೂಸಿಯಂ ಇದೆ, ಕೆಳದಿ ಗುಂಡಾಜೋಯಿಸರು ಊರೂರು ಸುತ್ತಿ ತಾಳೆಗರಿ, ಮೋಡಿ ಕಡತ ಕೂಡಿಸಿಟ್ಟ ಜಾಗ. ಒಮ್ಮೆ ಹೋಗಿ ನೋಡಿದರೆ ನಿಮ್ಮ ಮನೆಯ ಅಟ್ಟದ ಮೇಲಿನ ಗಂಟನ್ನು ಬೇರೆ ಕಣ್ಣಿನಲ್ಲಿ ನೋಡುತ್ತೀರಿ.

ಒಂದು ಕಡೆ ಬಂದು ಪೂರ್ತಿ ನಿಂತುಹೋಯಿತು. ಬಿಟ್ಟುಬಿಡಲಾ?

ಸ್ವಲ್ಪ ದಿನ ಬಿಡಿ. ಅಷ್ಟರಲ್ಲಿ ಸಿಕ್ಕಿದ್ದನ್ನು ಒಂದು ನೋಟ್‌ಬುಕ್‌ಗೆ ನೀಟಾಗಿ ಇಳಿಸಿ, ಮೂರು ಪ್ರತಿ ಮಾಡಿ ಮೂರು ಮನೆಯಲ್ಲಿಡಿ. ಬರೆಯುವಾಗಲೇ ಎಷ್ಟೋ ಸಲ ಬಿಟ್ಟುಹೋದದ್ದು ಕಾಣುತ್ತದೆ.

ನಮ್ಮ ಮನೆಯದು ಸದ್ಯ 1868ರ ಒಂದು ಮದುವೆಯ ಎಂಟ್ರಿಯ ಹತ್ತಿರ ನಿಂತಿದೆ. ಹುಡುಗನ ಅಪ್ಪನ ಹೆಸರಿದೆ, ಅದರ ಮುಂದೆ ಊರಿನ ಹೆಸರಿದೆ. ಮೊದಲಿನ ಅಕ್ಷರಗಳನ್ನು ಹುಳ ತಿಂದಿದೆ, ಕೊನೆಯ "ದೂರ್" ಅಥವಾ "ರೂರ್" ಮಾತ್ರ ಉಳಿದಿದೆ, ಅದೂ ಶಾಯಿ ಹರಡಿ ಮಸುಕಾಗಿದೆ. ಬೈಂದೂರು ಇರಬಹುದು, ಬಸ್ರೂರು ಇರಬಹುದು. ಈ ಸಲ ಅಡಿಕೆ ಕೊಯ್ಲು ಮುಗಿದ ಮೇಲೆ ಹುಲಿಕಲ್ ಇಳಿದು ಎರಡೂ ಕಡೆ ನೋಡಿ ಬರುತ್ತೇನೆ.